ಬೋಗುಣಿಯೊಳಗೆ ಐದು ದಿನ

ಮೊದಲ ದಿನ: ರಕ್ಸೌಲಿನಿಂದ ಮೇಲಕ್ಕೆ

ಬಿಹಾರದ ಗಡಿಯೂರು ರಕ್ಸೌಲ್‌ನ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಆರೂವರೆ. ಇ-ರಿಕ್ಷಾ ಹಿಡಿದು ಸೇತುವೆ ದಾಟಿ, ಶಂಕರಾಚಾರ್ಯರ ಹೆಸರಿನ ಮಹಾದ್ವಾರದ ಕೆಳಗೆ ಹಾದು ನೇಪಾಳದ ಬೀರ್‌ಗಂಜ್ ಸೇರುವಷ್ಟರಲ್ಲಿ ಏಳೂವರೆ. ಅದರಲ್ಲಿ ಹದಿನೈದು ನಿಮಿಷ ದಾರಿಯದಲ್ಲ, ಗಡಿಯಾರದ್ದು. ನೇಪಾಳದ ಹೊತ್ತು ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಭಾವ ಕೈಗಡಿಯಾರದ ಮುಳ್ಳು ತಿರುಗಿಸಲು ಒಪ್ಪಲಿಲ್ಲ. "ಐದು ದಿನದ ಮಾತಿಗೆ ಇದನ್ನೇಕೆ ಕೆಣಕಬೇಕು?" ಎಂದರು. ಹಾಗಾಗಿ ಪ್ರವಾಸದುದ್ದಕ್ಕೂ ಎಲ್ಲ ಕಡೆಗೂ ಕಾಲು ಗಂಟೆ ತಡವಾಗಿಯೇ ಬಂದರು.

ನಾವಿಬ್ಬರೂ ಹೊರಟಿದ್ದು ಬೇರೆ ಬೇರೆ ಕಾರಣಕ್ಕೆ. ಹೊಳಲ್ಕೆರೆಯ ಭಾವನಿಗೆ ಕಠ್ಮಂಡುವಿನ ಪಶುಪತಿನಾಥನ ದರ್ಶನವಾಗಬೇಕಿತ್ತು; ಶಿವರಾತ್ರಿಯ ನೂಕುನುಗ್ಗಲಿಗೆ ಮೊದಲೇ ಹೋಗಿ ಬರೋಣವೆಂದು 2024ರ ಫೆಬ್ರವರಿಯನ್ನು ಆರಿಸಿದವರೂ ಅವರೇ. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಈರುಳ್ಳಿ. ಚಳ್ಳಕೆರೆ ಕಡೆಯ ಮಾಲನ್ನು ಯಶವಂತಪುರದ ಮಂಡಿಗೆ ಸಾಗಿಸುವ ಮನೆಯಲ್ಲಿ ಹುಟ್ಟಿದವನು ನಾನು. 2023ರ ಡಿಸೆಂಬರಿನಲ್ಲಿ ನಮ್ಮ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿದಾಗ ಧಾರಣೆ ಮುಗ್ಗರಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಅದೇ ಆದೇಶದ ಇನ್ನೊಂದು ತುದಿಯಲ್ಲಿ ಏನಾಗಿರಬಹುದು? ರೈಲಿಲ್ಲದ, ಬಂದರಿಲ್ಲದ, ಸುತ್ತ ಬೆಟ್ಟವೇ ಬೇಲಿಯಾಗಿರುವ ರಾಜಧಾನಿಯೊಂದು ದಿನವೂ ಒಲೆ ಹಚ್ಚುವುದಾದರೂ ಹೇಗೆ?

ಉತ್ತರದ ಮೊದಲ ಅರ್ಧ ಬೀರ್‌ಗಂಜಿನಲ್ಲೇ ಸಾಲುಗಟ್ಟಿ ನಿಂತಿತ್ತು: ಕಬ್ಬಿಣ, ಅಕ್ಕಿ, ಟೈಲ್ಸ್, ಮೋಟಾರು ಸೈಕಲ್ ಹೊತ್ತ ಲಾರಿಗಳು, ಅವುಗಳ ಕೆಳಗೆ ಸ್ಟೌ ಹಚ್ಚಿ ಅಡುಗೆಗೆ ಕುಳಿತ ಚಾಲಕರು. ನೇಪಾಳದ ಹೊರವ್ಯಾಪಾರದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಭಾರತದೊಂದಿಗೆ. ಅದರ ಹೆಬ್ಬಾಗಿಲು ಇದು. ಕೋಲ್ಕತ್ತದಿಂದ ರೈಲಿನಲ್ಲಿ ಬರುವ ಕಂಟೇನರುಗಳು ಊರಾಚೆಯ ಒಣ ಬಂದರಿನಲ್ಲಿ ಇಳಿಯುತ್ತವೆ. 2015ರ ಸೆಪ್ಟೆಂಬರಿನಿಂದ ಕೆಲವು ತಿಂಗಳು ಈ ಬಾಗಿಲು ಮುಚ್ಚಿತ್ತು. ಆಗ ಕಠ್ಮಂಡುವಿನ ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಖಾಲಿಯಾಗಿ ಸೌದೆ ಒಲೆ ಉರಿದವು, ಪೆಟ್ರೋಲಿಗೆ ದಿನಗಟ್ಟಲೆ ಸಾಲು. ಜೀಪಿನ ಚಾಲಕ ಅದನ್ನು ನಿನ್ನೆ ಮೊನ್ನೆ ನಡೆದಂತೆ ಹೇಳಿದ. ಹೇಳುವಾಗ ಭಾರತದ ಹೆಸರು ಬಂದರೂ ನಮ್ಮ ಮುಖ ನೋಡಲಿಲ್ಲ. ಅದು ಅವನ ಸೌಜನ್ಯ.

ಹಣದ ಲೆಕ್ಕ ಸುಲಭ. 1993ರಿಂದ ಭಾರತದ ಒಂದು ರೂಪಾಯಿಗೆ ನೇಪಾಳದ 1.60, ಅಲುಗಾಡಿಲ್ಲ. ವ್ಯಾಪಾರಿಗಳು ನಮ್ಮ ಹಣಕ್ಕೆ 'ಐಸಿ' ಎನ್ನುತ್ತಾರೆ, ತಮ್ಮದಕ್ಕೆ 'ಎನ್‌ಸಿ'. ಆದರೆ ನೂರರ ಮೇಲಿನ ನಮ್ಮ ನೋಟು ಆಗ ಅಲ್ಲಿ ಚಲಾವಣೆಯಲ್ಲಿರಲಿಲ್ಲ. ಭಾವ ಒಳಜೇಬಿನಲ್ಲಿ ಹೊಲಿಸಿಕೊಂಡು ಬಂದಿದ್ದ ಐನೂರರ ಕಂತೆ ಹೊಲಿಗೆಯೊಳಗೇ ಉಳಿಯಿತು. ಬುದ್ಧಿವಂತಿಕೆಯಿಂದ ತಂದಿದ್ದ ನನ್ನ ನೂರರ ಕಟ್ಟಿನ ಮೇಲೆ ಇಬ್ಬರ ಯಾತ್ರೆಯೂ ನಡೆಯಿತು.

ಸುಮೊದಲ್ಲಿ ಹತ್ತು ಜನ. ಅಮ್ಲೇಖ್‌ಗಂಜಿನಲ್ಲಿ ಎಣ್ಣೆಯ ದೊಡ್ಡ ಟ್ಯಾಂಕುಗಳು ಕಂಡವು. ಬಿಹಾರದ ಮೋತಿಹಾರಿಯಿಂದ ಅಲ್ಲಿಗೆ 69 ಕಿ.ಮೀ. ಕೊಳವೆಯಲ್ಲಿ 2019ರಿಂದ ಡೀಸೆಲ್ ಹರಿಯುತ್ತಿದೆ. ಇದೇ ಊರಿಗೆ 1927ರಲ್ಲಿ ರಕ್ಸೌಲಿನಿಂದ ಪುಟ್ಟ ರೈಲೂ ಇತ್ತಂತೆ, ಈಗ ಅದರ ಗುರುತು ಹುಡುಕಬೇಕು. ಮುಂದೆ ಹೇಟೌಡಾ. ಕಠ್ಮಂಡು ಇರುವುದು ಬಾಗ್ಮತಿ ಪ್ರಾಂತ್ಯದಲ್ಲಿ, ಆದರೆ ಆ ಪ್ರಾಂತ್ಯದ ರಾಜಧಾನಿ ಈ ಹೇಟೌಡಾ. "ಹಾಗಾದರೆ ನಮ್ಮ ದಾವಣಗೆರೆ ಏನು ತಪ್ಪು ಮಾಡಿತ್ತು?" ಎಂದು ಭಾವ ಹಳೆಯ ಗಾಯವನ್ನು ಕೆದಕಿಕೊಂಡರು. ಇಲ್ಲಿಂದ ಕಠ್ಮಂಡುವಿಗೆ ಒಂದು ಕಾಲದಲ್ಲಿ ಅಮೆರಿಕದ ನೆರವಿನ 42 ಕಿ.ಮೀ. ತಂತಿದಾರಿ ಇತ್ತು: ಸಿಮೆಂಟು, ಧಾನ್ಯ ಎಲ್ಲ ತೊಟ್ಟಿಲಲ್ಲಿ ತೂಗಾಡುತ್ತ ಬೆಟ್ಟ ದಾಟುತ್ತಿದ್ದವು. ಲಾರಿಗಳು ಹೆಚ್ಚಿದ ಮೇಲೆ ಅದು ಮೂಲೆ ಸೇರಿತು.

ಭೀಮ್‌ಫೇದಿಯಿಂದ ಏರು. ಈ ಊರಿನ ಕಥೆಯನ್ನು ಓದಿ ತಿಳಿದಿದ್ದೆ, ಏರನ್ನು ನೋಡಿದ ಮೇಲೆ ನಂಬಿದೆ. ತ್ರಿಭುವನ ರಾಜಪಥ 1956ರಲ್ಲಿ ಮುಗಿಯುವವರೆಗೆ ಕಠ್ಮಂಡುವಿಗೆ ಹೊರಗಿನಿಂದ ಮೋಟಾರು ರಸ್ತೆಯೇ ಇರಲಿಲ್ಲ. ಆದರೆ ವಂಶಪಾರಂಪರ್ಯ ಪ್ರಧಾನಿಗಳಾಗಿ ದೇಶವಾಳುತ್ತಿದ್ದ ರಾಣಾ ಪ್ರಭುಗಳಿಗೆ ಕಾರಿನ ಶೋಕಿ ಇತ್ತು. ಚಕ್ರ ಕಳಚಿ, ಕಾರನ್ನು ಉದ್ದುದ್ದ ಬೊಂಬುಗಳಿಗೆ ಬಿಗಿದು, ಹತ್ತಾರು ಹಮಾಲರು ಹೆಗಲ ಮೇಲೆ ಹೊತ್ತು ಎರಡು ಬೆಟ್ಟಸಾಲು ದಾಟಿಸುತ್ತಿದ್ದರು. ನಗರದೊಳಗಿನ ಕೆಲವೇ ಮೈಲಿ ರಸ್ತೆಯಲ್ಲಿ ಓಡಿಸುವುದಕ್ಕೆ. ನಮ್ಮ ಮಂಡಿಯ ಹಮಾಲರಿಗೆ ಈ ಕಥೆ ಹೇಳಿದರೆ ಮೊದಲು ಕೂಲಿ ಎಷ್ಟೆಂದು ಕೇಳುತ್ತಾರೆ. ಆ ಲೆಕ್ಕವನ್ನು ಮಾತ್ರ ಯಾರೂ ಬರೆದಿಟ್ಟಂತೆ ಕಾಣಲಿಲ್ಲ.

ಕುಲೇಖಾನಿ ಜಲಾಶಯದ ದಂಡೆಯಲ್ಲಿ ಹುರಿದ ಮೀನಿನ ವಾಸನೆ. ಭಾವ ಸಸ್ಯಾಹಾರಿ, ಜೀಪಿನಿಂದ ಇಳಿಯಲಿಲ್ಲ. 1982ರಲ್ಲಿ ಶುರುವಾದ ಇಲ್ಲಿನ 60 ಮೆಗಾವಾಟಿನ ಘಟಕಕ್ಕೆ ಗಾತ್ರ ಮೀರಿದ ಹೆಸರಿದೆ, ಏಕೆಂದರೆ ನೇಪಾಳದಲ್ಲಿ ನೀರನ್ನು ಕೂಡಿಟ್ಟು ಬೇಕಾದಾಗ ವಿದ್ಯುತ್ ಮಾಡುವ ದೊಡ್ಡ ವ್ಯವಸ್ಥೆ ಎಂದರೆ ಇದೇ. ಉಳಿದವೆಲ್ಲ ಹರಿಯುವ ಹೊಳೆಯನ್ನು ನಂಬಿದವು. ಮಳೆಗಾಲದಲ್ಲಿ ಉಕ್ಕಿ ಭಾರತಕ್ಕೆ ಮಾರುವಷ್ಟು, ಚಳಿಗಾಲದಲ್ಲಿ ಭಾರತದಿಂದ ಕೊಳ್ಳುವಷ್ಟು. ಹತ್ತು ವರ್ಷದ ಹಿಂದೆ ಬೇಸಿಗೆಗೆ ಮುನ್ನ ರಾಜಧಾನಿಯಲ್ಲಿ ದಿನಕ್ಕೆ ಹದಿನಾರು ಹದಿನೆಂಟು ಗಂಟೆ ಕತ್ತಲೆ ಇರುತ್ತಿತ್ತು. ಕಣಿವೆಯ ಅಂಚಿನ ಫರ್ಪಿಂಗ್‌ನಲ್ಲಿ 1911ರಷ್ಟು ಹಿಂದೆಯೇ 500 ಕಿಲೋವಾಟಿನ ಜಲವಿದ್ಯುತ್ ಘಟಕ ಬಂದಿತ್ತು. ನಮ್ಮ ಶಿವನಸಮುದ್ರಕ್ಕಿಂತ ಒಂಬತ್ತೇ ವರ್ಷ ಚಿಕ್ಕದು. ಶಿವನಸಮುದ್ರದ ಬೆಳಕು ಕೋಲಾರದ ಗಣಿಗೆ ಹೋಯಿತು, ಫರ್ಪಿಂಗಿನದು ರಾಣಾಗಳ ಅರಮನೆಗೆ. ಎರಡು ಊರುಗಳ ಮುಂದಿನ ನೂರು ವರ್ಷ ಆ ಎರಡು ತಂತಿಗಳ ದಿಕ್ಕಿನಲ್ಲೇ ಇತ್ತೇನೋ ಎನ್ನಿಸಿತು, ಆದರೆ ಜೀಪಿನಲ್ಲಿ ಕುಲುಕುತ್ತ ಹೊಳೆಯುವ ಸಿದ್ಧಾಂತಗಳನ್ನು ನಾನು ಪೂರ್ತಿ ನಂಬುವುದಿಲ್ಲ.

ಸಂಜೆಗೆ ಚೋಭಾರ್. ನಗರದ ಕೊಳೆಯನ್ನೆಲ್ಲ ಹೊತ್ತ ಬಾಗ್ಮತಿ ಇಲ್ಲಿ ಬಂಡೆಗಳ ನಡುವಿನ ಇಕ್ಕಟ್ಟಾದ ಸೀಳಿನಲ್ಲಿ ನುಸುಳಿ ಹೊರಹೋಗುತ್ತದೆ. ಕಣಿವೆಯ ಎಲ್ಲ ಹೊಳೆಗಳಿಗೂ ಇದೊಂದೇ ಬಚ್ಚಲು. ಕಣಿವೆ ಹಿಂದೆ ಸರೋವರವಾಗಿತ್ತು, ಮಂಜುಶ್ರೀ ಬೋಧಿಸತ್ವ ಖಡ್ಗದಿಂದ ಬೆಟ್ಟ ಸೀಳಿ ನೀರು ಹರಿಸಿದ ಎಂದು ಕಣಿವೆಯ ಹಳೆಯ ನಿವಾಸಿಗಳಾದ ನೇವಾರರು ಹೇಳುತ್ತಾರೆ. ಸರೋವರವಿದ್ದದ್ದು ನಿಜವೆಂದು ಭೂವಿಜ್ಞಾನಿಗಳೂ ಒಪ್ಪುತ್ತಾರೆ; ತಕರಾರು ಖಡ್ಗದ ಬಗ್ಗೆ ಮಾತ್ರ. ಜೀಪು ತಿರುವಿನಲ್ಲಿ ನಿಂತಾಗ ಇಡೀ ಕಣಿವೆ ಕಂಡಿತು: ಸುಮಾರು 1,300 ಮೀಟರ್ ಎತ್ತರದಲ್ಲಿ, ಸುತ್ತ ಎರಡು ಎರಡೂವರೆ ಸಾವಿರ ಮೀಟರಿನ ಬೆಟ್ಟಗಳ ಅಂಚು, ನಡುವೆ ಹೊಗೆ ತುಂಬಿದ ಬೋಗುಣಿ. ಚಳಿಗಾಲದಲ್ಲಿ ಮೇಲಿನ ಬಿಸಿಗಾಳಿ ಮುಚ್ಚಳದಂತೆ ಕೂರುತ್ತದೆ, ಕೆಳಗಿನ ಹೊಗೆಗೆ ಹೋಗಲು ಜಾಗವಿಲ್ಲ. ನೀರಿಗಾದರೂ ಮಂಜುಶ್ರೀ ಸಿಕ್ಕ.

ಎರಡನೆಯ ದಿನ: ಕಪ್ಪು ಮಣ್ಣಿನ ಮೇಲೆ

ಬೆಳಗಿನ ನಾಲ್ಕಕ್ಕೆ ಒಬ್ಬನೇ ಕಾಲಿಮಾಟಿ ಮಾರುಕಟ್ಟೆಗೆ ಹೋದೆ. ಕಣಿವೆಯ ತರಕಾರಿ ಸಗಟು ವ್ಯಾಪಾರದ ದೊಡ್ಡ ಅಂಗಳ ಇದು. ಭಾಷೆ ಬೇರೆ, ಆದರೆ ನನಗೆ ಊರು ಬಿಟ್ಟು ಬಂದಿದ್ದೇನೆ ಎನ್ನಿಸಲಿಲ್ಲ. ಅದೇ ಒದ್ದೆ ಗೋಣಿಯ ವಾಸನೆ, ಅದೇ ಕಿವಿಯಲ್ಲಿ ಹೇಳುವ ರೇಟು, ಅದೇ ತೂಕದ ಜಗಳ. ಬೇರೆಯದೆಂದರೆ ಹೊರುವ ಬಗೆ. ನಮ್ಮವರು ತಲೆಯ ಮೇಲೆ ಇಲ್ಲವೇ ಬೆನ್ನಿನ ಮೇಲೆ ಚೀಲ ಹೊತ್ತರೆ, ಇಲ್ಲಿ ಡೋಕೊ ಎಂಬ ಬಿದಿರಿನ ಬುಟ್ಟಿ ಬೆನ್ನಿಗೆ, ಅದರ ನಾಮ್ಲೊ ಎಂಬ ಪಟ್ಟಿ ಹಣೆಗೆ. ಭಾರವೆಲ್ಲ ಕುತ್ತಿಗೆಯ ಮೇಲೆ. ಕೈಗಳು ಖಾಲಿ, ಒಬ್ಬ ಮೊಬೈಲಿನಲ್ಲಿ ಮಾತಾಡುತ್ತಲೇ ಕೋಸಿನ ಗುಡ್ಡ ಹೊತ್ತು ನಡೆಯುತ್ತಿದ್ದ.

ಹೂಕೋಸು ಧಾಧಿಂಗ್ ಜಿಲ್ಲೆಯದು, ಆಲೂಗಡ್ಡೆ ಕಾವ್ರೆಯದು, ಟೊಮೆಟೊ ಮಕ್ವಾನ್‌ಪುರದ್ದು. ಅಂಚಿನ ಬೆಟ್ಟಗಳ ಆಚೆಯ ಜಿಲ್ಲೆಗಳೆಲ್ಲ ರಾತ್ರಿಯಿಡೀ ಪಿಕಪ್ ಗಾಡಿಗಳಲ್ಲಿ ಈ ಅಂಗಳಕ್ಕೆ ಸುರಿಯುತ್ತವೆ. ಈರುಳ್ಳಿ ಮಾತ್ರ ಹೆಚ್ಚುಕಡಿಮೆ ಪೂರ್ತಿ ಭಾರತದ್ದು. ಅಂದರೆ ಆ ಫೆಬ್ರವರಿಯಲ್ಲಿ ಇರಬಾರದಿತ್ತು. ಇತ್ತು. "ಇದು ಎಲ್ಲಿಂದ?" ಎಂದೆ. ವ್ಯಾಪಾರಿ ನನ್ನನ್ನೊಮ್ಮೆ ಅಳೆದು, "ಗಡಿ ಉದ್ದ ಇದೆ, ಸಾಹೇಬರೇ" ಎಂದು ಹಿಂದಿಯಲ್ಲಿ ನಕ್ಕ. ಪಕ್ಕದ ಚೀಲಗಳಲ್ಲಿ ಚೀನಾದ ಮಾಲು. ನಾನೂ ಅದೇ ಕಸುಬಿನವನು ಎಂದು ತಿಳಿದ ಮೇಲೆ ಒಂದನ್ನು ಕೈಗಿತ್ತ. ಎಳೆ ಬಿಲ್ವದ ಕಾಯಿಯಷ್ಟು ಗಾತ್ರ, ಕನ್ನಡಿಯಂಥ ಹೊಳಪು. ಕುತ್ತಿಗೆ ಹಿಡಿದು ಹಿಸುಕಿದೆ: ದಪ್ಪ, ಮೆತ್ತಗೆ, ಒಣಗಿಲ್ಲ. ಸಿಪ್ಪೆ ಒಂದೇ ಪದರ. ಹೋಳು ಮಾಡಿ ಮೂಗಿಗೆ ಹಿಡಿದರೆ ಕಣ್ಣು ತೇವವೂ ಆಗಲಿಲ್ಲ. ಹದಿನೈದು ದಿನ ನಿಲ್ಲುವ ಸರಕಲ್ಲ. "ಹೋಟೆಲಿನವರು ಒಯ್ಯುತ್ತಾರೆ, ಮನೆಯವರು ಬೈಯುತ್ತಾರೆ" ಎಂದ ಅವನು. ದೆಹಲಿಯಲ್ಲಿ ಒಂದು ಸಹಿ ಬಿದ್ದದ್ದಕ್ಕೆ ಚಳ್ಳಕೆರೆಯ ರೈತ ನಷ್ಟದಲ್ಲಿ, ಕಾಲಿಮಾಟಿಯ ಗೃಹಿಣಿ ರುಚಿಯಿಲ್ಲದ ಈರುಳ್ಳಿಯಲ್ಲಿ. ನಡುವೆ ಗೆದ್ದವನು ಉದ್ದ ಗಡಿಯನ್ನು ಬಲ್ಲವನು.

ಕಾಲಿಮಾಟಿ ಎಂದರೆ ಕಪ್ಪು ಮಣ್ಣು. ಹೆಸರು ಸುಮ್ಮನೆ ಬಂದದ್ದಲ್ಲ. ಆ ಹಳೆಯ ಸರೋವರದ ತಳದಲ್ಲಿ ಕೂತ ಹೂಳು ಕೆಲವೆಡೆ ನೂರಾರು ಮೀಟರ್ ಆಳ. ಹಿಂದೆ ಜ್ಯಾಪು ರೈತರು ಈ ಕಪ್ಪು ಜೇಡಿಯನ್ನು ಅಗೆದು ಗದ್ದೆಗೆ ಗೊಬ್ಬರವಾಗಿ ಚೆಲ್ಲುತ್ತಿದ್ದರು. ಕಣಿವೆ ಕಠ್ಮಂಡು, ಪಾಟನ್, ಭಕ್ತಪುರ ಎಂಬ ಮೂರು ರಾಜಧಾನಿಗಳನ್ನು ಸಾಕಿದ್ದು ಈ ಮಣ್ಣಿನಿಂದ. ಭೂಮಿ ಅದುರಿದಾಗ ಅದೇ ಮಣ್ಣು ತಟ್ಟೆಯಲ್ಲಿನ ಅಂಬಲಿಯಂತೆ ತುಳುಕಾಡುತ್ತದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ದೇಶದಲ್ಲಿ ಸತ್ತವರು ಒಂಬತ್ತು ಸಾವಿರದ ಹತ್ತಿರ. ಕುಸಿದ ಧರಹರಾ ಗೋಪುರವನ್ನು 2021ರಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದ್ದಾರೆ. ಬೆಳ್ಳಗೆ, ತೀರಾ ನೆಟ್ಟಗೆ. ಪಕ್ಕದಲ್ಲಿ ಉಳಿಸಿಕೊಂಡಿರುವ ಹಳೆಯ ಮೋಟು ಬುಡವೇ ನನಗೆ ಗೋಪುರದಂತೆ ಕಂಡಿತು.

ಮಧ್ಯಾಹ್ನ ಭಾವನೊಂದಿಗೆ ಸಫಾ ಟೆಂಪೊದಲ್ಲಿ ಹಳೆಯ ಪೇಟೆಗೆ. ಬ್ಯಾಟರಿಯ ಮೇಲೆ ಓಡುವ ಮೂರು ಚಕ್ರದ ಈ ಗಾಡಿಗಳು 1990ರ ದಶಕದಿಂದಲೂ ಇವೆ. ನಮ್ಮದನ್ನು ಓಡಿಸಿದವರೂ, ಎದುರು ಬಂದ ಎರಡನ್ನು ಓಡಿಸುತ್ತಿದ್ದವರೂ ಹೆಂಗಸರು. ಈಗ ಆಮದಾಗುವ ಹೊಸ ಕಾರುಗಳಲ್ಲಿಯೂ ವಿದ್ಯುತ್ ಕಾರುಗಳದೇ ಮೇಲುಗೈ. ಪೆಟ್ರೋಲು ಬೆಟ್ಟ ಹತ್ತಿ ಬರಬೇಕು, ವಿದ್ಯುತ್ತು ಬೆಟ್ಟದಿಂದಲೇ ಇಳಿಯುತ್ತದೆ. ಗಡಿ ಮುಚ್ಚಿದ ಆ ಚಳಿಗಾಲ ಕಲಿಸಿದ ಪಾಠವೂ ಇದರಲ್ಲಿ ಇದ್ದೀತು.

ಆರು ದಾರಿಗಳು ಕೂಡುವ ಅಸನ್ ಚೌಕ. ಅನ್ನಪೂರ್ಣೆಯ ಪುಟ್ಟ ಗುಡಿ, ಸುತ್ತ ಮಸಾಲೆ, ಒಣಮೀನು, ಹಿತ್ತಾಳೆ, ಹತ್ತಿಬತ್ತಿ. ಇಲ್ಲಿಂದ ಇಂದ್ರಚೌಕದ ಮೂಲಕ ಹನುಮಾನ್ ಢೋಕಾ ಅರಮನೆಗೆ ಓರೆಯಾಗಿ ಹೋಗುವ ಬೀದಿ ಊರಿಗಿಂತ ಹಳೆಯ ದಾರಿ. ಭಾರತ ಮತ್ತು ಟಿಬೆಟ್ ನಡುವಿನ ವ್ಯಾಪಾರ ನಡೆದದ್ದು ಇದರ ಮೇಲೆ. ಕುತಿ, ಕೇರುಂಗ್ ಕಣಿವೆಗಳ ಮೂಲಕ ಉಣ್ಣೆ, ಉಪ್ಪು, ಬೆಳ್ಳಿ ಇಳಿಯುತ್ತಿದ್ದವು, ಅಕ್ಕಿ, ಬಟ್ಟೆ, ಲೋಹದ ಸಾಮಾನು ಏರುತ್ತಿದ್ದವು. ನೇವಾರ ವರ್ತಕರು ಲಾಸಾದಲ್ಲಿ ಅಂಗಡಿ ಇಟ್ಟು ವರ್ಷಗಟ್ಟಲೆ ಇರುತ್ತಿದ್ದರು. ಟಿಬೆಟ್ಟಿಗೆ ನಾಣ್ಯ ಟಂಕಿಸಿ ಕೊಡುತ್ತಿದ್ದದ್ದೂ ಈ ಕಣಿವೆಯ ಮಲ್ಲ ರಾಜರೇ: ಬೆಳ್ಳಿ ಅವರದು, ಅಚ್ಚು ಇವರದು, ನಡುವೆ ಬೆರಕೆ ಲೋಹದ ಲಾಭ. ಆ ಬೆರಕೆಯ ಜಗಳ ಕೊನೆಗೆ ಯುದ್ಧಕ್ಕೇ ಹೋಯಿತು. 1904ರಲ್ಲಿ ಬ್ರಿಟಿಷರು ಲಾಸಾಗೆ ನುಗ್ಗಿ ಕಾಲಿಂಪಾಂಗ್ ಕಡೆಯ ದಾರಿಯನ್ನು ತೆರೆದ ಮೇಲೆ ಕಠ್ಮಂಡುವಿನ ಕಾಲುದಾರಿಗಳು ಸೊರಗಿದವು. ಮಧ್ಯವರ್ತಿಯ ಬಾಳು ಯಾವತ್ತೂ ಹೀಗೆ. ಪಕ್ಕದಲ್ಲೊಂದು ನೇರ ದಾರಿ ಬಿದ್ದರೆ ಅಂಗಡಿ ಮುಚ್ಚಬೇಕು. ದಲ್ಲಾಳಿಯ ಮಗ ನಾನು, ನನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ದಿನ: ಮೇಣ, ಇಟ್ಟಿಗೆ, ಮೊಸರು

ವಸತಿಗೃಹದಲ್ಲಿ ಬೆಳಗ್ಗೆ ನೀರಿಲ್ಲ. ಮಾಲೀಕರು ತಲೆ ಕೆಡಿಸಿಕೊಳ್ಳದೆ ಮೂರು ಹೆಸರು ಹೇಳಿದರು: ಮೇಲಂಚಿ, ಟ್ಯಾಂಕರ್, ಬೋರು. ಒಂದು ಬರದಿದ್ದರೆ ಇನ್ನೊಂದು. ಕುಡಿಯಲು ನಾಲ್ಕನೆಯದು, ಇಪ್ಪತ್ತು ಲೀಟರಿನ ಜಾರ್. ಮೇಲಂಚಿ ಬೆಟ್ಟದಾಚೆಯ ಹೊಳೆ. ಸುಮಾರು 26 ಕಿ.ಮೀ. ಸುರಂಗ ಕೊರೆದು ದಿನಕ್ಕೆ 17 ಕೋಟಿ ಲೀಟರ್ ತರುವ ಯೋಜನೆ. ದಶಕಗಳ ಕಾಲ ಮಾತಿನಲ್ಲೇ ಹರಿದ ನೀರು ನಲ್ಲಿಗೆ ಬಂದದ್ದು 2021ರಲ್ಲಿ. ಅದೇ ವರ್ಷದ ಜೂನಿನಲ್ಲಿ ಪ್ರವಾಹ ಬಂದು ಹೊಳೆಮೂಲದ ಕಟ್ಟಡವನ್ನೇ ಹೂತುಹಾಕಿತು. ಈಗ ಮಳೆಗಾಲದಲ್ಲಿ ಸುರಂಗ ಮುಚ್ಚುತ್ತಾರೆ, ಒಣಹವೆಯಲ್ಲಿ ತೆರೆಯುತ್ತಾರೆ. ಕಾವೇರಿಯ ನೀರನ್ನು ನೂರು ಕಿ.ಮೀ. ದೂರದಿಂದ ಎತ್ತಿ ತಂದು ಟ್ಯಾಂಕರಿಗೂ ಹಣ ಕೊಡುವ ಊರಿನವನು ನಾನು. ಬಾಯಿ ಮುಚ್ಚಿಕೊಂಡು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿದೆ.

ಪಾಟನ್‌ಗೆ ಹೋದಾಗ ಮಂಗಹಿತಿಯಲ್ಲಿ, ಆರನೆಯ ಶತಮಾನದ ಕಲ್ಲಿನ ಮಕರಬಾಯಿಗಳ ಕೆಳಗೆ, ಜನ ಕ್ಯಾನ್ ಇಟ್ಟು ಕಾಯುತ್ತಿದ್ದರು. ಸಣ್ಣಗೆ, ಆದರೆ ನಿಲ್ಲದೆ ನೀರು ಬರುತ್ತಿತ್ತು.

ಪಾಟನ್ ಲೋಹದವರ ಊರು. ಒಂದು ಬಹಾಲದ, ಅಂದರೆ ಹಳೆಯ ಬೌದ್ಧ ವಿಹಾರದ, ಅಂಗಳದಲ್ಲಿ ಒಬ್ಬರು ಮೇಣದ ತಾರಾದೇವಿಯನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ತಿದ್ದುತ್ತಿದ್ದರು. ಕಾಯಿಸಿದ ಚಪ್ಪಟೆ ಕಡ್ಡಿಯ ತುದಿಯಿಂದ ಒಂದು ಉಗುರು. ಊದಿ ನೋಡಿದರು, ಮತ್ತೆ ಒಂದು ಉಗುರು. ಆಮೇಲೆ ಇದಕ್ಕೆ ಸೆಗಣಿ ಬೆರೆಸಿದ ತೆಳು ಜೇಡಿ ಬಳಿದು, ಅದರ ಮೇಲೆ ಭತ್ತದ ಹೊಟ್ಟು ಕಲೆಸಿದ ದಪ್ಪ ಮಣ್ಣು ಮೆತ್ತಿ ಒಣಗಿಸುತ್ತಾರೆ. ಬೆಂಕಿಗೆ ಹಿಡಿದಾಗ ಮೇಣ ಕರಗಿ ಇಳಿದು ಒಳಗೆ ಟೊಳ್ಳಾಗುತ್ತದೆ. ಆ ಟೊಳ್ಳಿಗೆ ತಾಮ್ರ ಹೊಯ್ಯುವುದು. ಅಚ್ಚು ಒಡೆದರೇ ಮೂರ್ತಿ, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಹದಿಮೂರನೆಯ ಶತಮಾನದಲ್ಲಿ ಈ ಕಣಿವೆಯ ಅರನಿಕೊ ಎಂಬ ಶಿಲ್ಪಿ ಕುಬ್ಲಾಯ್ ಖಾನನ ಆಸ್ಥಾನದವರೆಗೆ ಹೋಗಿದ್ದ. ಬೀಜಿಂಗಿನ ಬಿಳಿ ಸ್ತೂಪ ಅವನದು. "ಈಗ ಕೊಳ್ಳುವವರು ಯಾರು?" ಎಂದು ಕೇಳಿದೆ. "ಹೆಚ್ಚಿನದು ಹೊರದೇಶದ ಬೌದ್ಧರು" ಎಂದರು, ತಲೆ ಎತ್ತದೆ. ಅವರ ಮಗ ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾನೆ.

ಭಕ್ತಪುರದ ಹಾದಿಯಲ್ಲಿ ಗೋಧಿ, ಬೆಳ್ಳುಳ್ಳಿಯ ಹಸಿರು ಪಟ್ಟೆಗಳು. ಪ್ರತಿ ಪಟ್ಟೆಯ ನಡುವೆ ನಾಲ್ಕಂತಸ್ತಿನ ಒಂದೊಂದು ಮನೆ, ಎದ್ದು ನಿಂತ ಹಲ್ಲಿನಂತೆ. ಕಣಿವೆಯಲ್ಲಿ ನೆಲವನ್ನು ಆನಾ ಲೆಕ್ಕದಲ್ಲಿ ಮಾರುತ್ತಾರೆ. ಹದಿನಾರು ಆನಾ ಕೂಡಿದರೆ ಒಂದು ರೋಪನಿ, 5,476 ಚದರಡಿ. ಹೆಚ್ಚುಕಡಿಮೆ ನಮ್ಮ ಐದು ಗುಂಟೆ. ಗುಂಟೆಗೆ ಹದಿನಾರು ಆಣೆ ನಮ್ಮ ಪಹಣಿಯಲ್ಲೂ ಉಂಟಲ್ಲ! ಭಾವ ಒಂದು ಆನಾದ ಬೆಲೆ ವಿಚಾರಿಸಿ, ಮನಸ್ಸಿನಲ್ಲೇ ಗುಣಿಸಿ, "ಹೊಳಲ್ಕೆರೆಯಲ್ಲಿ ತೋಟ ಬರುತ್ತದೆ, ತೋಟದ ಜೊತೆ ಮನೆಯೂ ಬರುತ್ತದೆ" ಎಂದರು. ಮೂರು ಜಿಲ್ಲೆ ಸೇರಿ 2021ರ ಜನಗಣತಿಯಲ್ಲಿ ಮೂವತ್ತು ಲಕ್ಷ ಜನ. ದೇಶದ ಹತ್ತರಲ್ಲೊಬ್ಬರು ಈ ಬೋಗುಣಿಯಲ್ಲಿದ್ದಾರೆ. ಬೆಟ್ಟ ಜರುಗುವುದಿಲ್ಲ, ಗದ್ದೆ ಜರುಗುತ್ತದೆ.

ಆ ಮನೆಗಳ ಇಟ್ಟಿಗೆ ಅಲ್ಲೇ ಸುಡುತ್ತದೆ. ಗದ್ದೆಯ ಮೇಲ್ಮಣ್ಣು ಗುತ್ತಿಗೆಗೆ ತೆಗೆದ ಭಟ್ಟಿಯೊಂದರ ಬಳಿ ನಿಂತೆವು. 2015ರಲ್ಲಿ ಹಳೆಯ ಚಿಮಣಿಗಳು ಉರುಳಿದ ಮೇಲೆ ಕಡಿಮೆ ಕಲ್ಲಿದ್ದಲು ತಿನ್ನುವ ಹೊಸ ಬಗೆಯವು ಬಂದಿವೆ, ಹೊಗೆ ಕಡಿಮೆಯಾಗಿದೆಯಂತೆ. ಗಂಡ ಹೆಂಡತಿ ಕುಕ್ಕರುಗಾಲಿನಲ್ಲಿ ಕೂತು ಅಚ್ಚಿಗೆ ಮಣ್ಣು ಬಡಿಯುತ್ತಿದ್ದರು. ಒಂದು ಮುದ್ದೆ, ಒಂದು ಏಟು, ತಂತಿಯಿಂದ ಮೇಲ್ಭಾಗ ಸವರಿ, ಮಗುಚಿ ಹಾಕಿದರೆ ಭಟ್ಟಿಯ ಹೆಸರಿನ ಅಕ್ಷರಗಳೊಂದಿಗೆ ಇಟ್ಟಿಗೆ. ಪಶ್ಚಿಮದ ರೋಲ್ಪಾದಿಂದ ಬಂದವರು. ದಸೈಂ (ಅವರ ದಸರಾ) ಹಬ್ಬದ ಹೊತ್ತಿಗೆ ನಾಯ್ಕೆ ಊರಿಗೆ ಬಂದು ಪೇಸ್ಕಿ ಕೊಡುತ್ತಾನೆ. ಚಳಿಗಾಲದಿಂದ ಮಳೆ ಬೀಳುವವರೆಗೆ ದುಡಿದು ತೀರಿಸಬೇಕು. ನಾಯ್ಕೆ ನಮ್ಮ ಮೇಸ್ತ್ರಿ, ಪೇಸ್ಕಿ ನಮ್ಮ ಮುಂಗಡ. ಕಬ್ಬು ಕಡಿಯುವ ಗುಂಪುಗಳಲ್ಲಿ ನೋಡಿಲ್ಲವೇ. ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕೂಲಿ. ಪಕ್ಕದಲ್ಲಿ ಅವರ ಆರೇಳು ವರ್ಷದ ಮಗಳು ಒಣಗಿದ ಇಟ್ಟಿಗೆಗಳನ್ನು ತಿರುಗಿಸಿ ಇಡುತ್ತಿದ್ದಳು, ಯಾರೂ ಹೇಳದೆ.

ಭಕ್ತಪುರದ ಚೌಕದಲ್ಲಿ 1702ರ ನ್ಯಾತಪೋಲ ದೇಗುಲ ಐದು ಮಾಡುಗಳೊಂದಿಗೆ ನಿಂತಿದೆ. ಎರಡು ಮಹಾ ಭೂಕಂಪಗಳನ್ನು, 1934ರದ್ದನ್ನೂ 2015ರದ್ದನ್ನೂ, ದಾಟಿದ ಗಟ್ಟಿಗಿತ್ತಿ. ನಾವು ಅದರ ಮೆಟ್ಟಿಲ ಮೇಲೆ ಕುಳಿತು ಜುಜು ಧೌ ತಿಂದೆವು. ಜುಜು ಎಂದರೆ ರಾಜ, ಧೌ ಎಂದರೆ ಮೊಸರು. ಎಮ್ಮೆಯ ಹಾಲು ಬತ್ತಿಸಿ, ಸಿಹಿ ಬೆರೆಸಿ, ಮೆರುಗಿಲ್ಲದ ಮಣ್ಣಿನ ಬೋಗುಣಿಯಲ್ಲಿ ಹೆಪ್ಪು ಹಾಕುತ್ತಾರೆ. ಮಣ್ಣು ನೀರನ್ನೆಲ್ಲ ಹೀರಿಕೊಂಡು ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಭಾವ ಎರಡು ಬೋಗುಣಿ ಮುಗಿಸಿ ಮೂರನೆಯದನ್ನು ದಾರಿಗೆಂದು ಕಟ್ಟಿಸಿಕೊಂಡರು.

ನಾಲ್ಕನೆಯ ದಿನ: ಒಂದೇ ಬೇಲಿಯ ಎರಡು ಕಡೆ

ಪಶುಪತಿನಾಥನ ಗರ್ಭಗುಡಿಯ ಅರ್ಚಕರು ಕರ್ನಾಟಕದಿಂದ ಹೋದ ಭಟ್ಟರು. ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಅವರದು ಮಾತ್ರ. ಸ್ಥಳೀಯ ಭಂಡಾರಿಗಳು ನೆರವಿಗೆ. ಈ ಪದ್ಧತಿಯನ್ನು ಶಂಕರಾಚಾರ್ಯರೇ ಹಾಕಿಕೊಟ್ಟರೆಂಬ ನಂಬಿಕೆಯಿದೆ. ರಾಜ ಸತ್ತರೆ ದೇಶವೇ ಸೂತಕದಲ್ಲಿರುತ್ತದೆ, ಹೊರಗಿನವರಾದರೆ ಪೂಜೆ ನಿಲ್ಲುವುದಿಲ್ಲ ಎಂದು ಇನ್ನೊಂದು ವಿವರಣೆ. 2008ರ ಕೊನೆಯಲ್ಲಿ ಮಾವೋವಾದಿ ನೇತೃತ್ವದ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಲು ಹೋಗಿ, ಗಲಾಟೆಯೆದ್ದು, ಕೋರ್ಟಿನವರೆಗೂ ಹೋಗಿ, ಹಿಂದೆ ಸರಿಯಿತು. ಭಾವ ಇದನ್ನೆಲ್ಲ ಓದಿಕೊಂಡು, ಏನು ಮಾತಾಡಬೇಕೆಂದು ಮೂರು ದಿನದಿಂದ ತಯಾರಿ ನಡೆಸಿದ್ದರು.

ಸಾಲು ಜರುಗಿತು. ನಾಲ್ಕು ಬಾಗಿಲಿಗೂ ಮುಖ ಮಾಡಿದ ಲಿಂಗ, ಒಳಗೆ ಕಾವಿಬಣ್ಣದ ರೇಷ್ಮೆಯಲ್ಲಿ ಒಬ್ಬ ಭಟ್ಟರು. ಭಾವ ಬಾಗಿಲ ಬಳಿ ಕೈ ಜೋಡಿಸಿ, "ನಾವು ಕರ್ನಾಟಕದವರು" ಎಂದರು. ಗಂಧ ಕೊಡುತ್ತಿದ್ದ ಕೈ ಅರೆಕ್ಷಣ ನಿಂತಿತು. "ಯಾವ ಊರು?" "ಹೊಳಲ್ಕೆರೆ." ಅಷ್ಟರಲ್ಲಿ ಹಿಂದಿನ ಸಾಲು ನಮ್ಮನ್ನು ಮುಂದಕ್ಕೆ ತಳ್ಳಿತು. ತಯಾರಿಸಿದ್ದ ಮಾತೆಲ್ಲ ಉಳಿದೇ ಹೋಯಿತು. ಆದರೂ ಆ ಎರಡು ಪದದ ಪ್ರಶ್ನೆಯನ್ನು ಭಾವ ಇವತ್ತಿಗೂ ಮದುವೆ ಮನೆಗಳಲ್ಲಿ ಹೇಳುತ್ತಾರೆ. ಈಚೆಗೆ ಅದು ಐದು ನಿಮಿಷದ ಸಂಭಾಷಣೆಯಾಗಿ ಬೆಳೆದಿದೆ.

ಕೆಳಗೆ ಬಾಗ್ಮತಿಯ ಘಾಟಿನಲ್ಲಿ ಚಿತೆಗಳು. ಎದುರು ದಿಬ್ಬ ಹತ್ತಿದರೆ ಮರಗಳ ಆಚೆ ವಿಮಾನ ಏರುವ ಸದ್ದು. ತ್ರಿಭುವನ್ ವಿಮಾನ ನಿಲ್ದಾಣ ದೇವಾಲಯದ ಮಗ್ಗುಲಿನಲ್ಲೇ ಇದೆ. ಭಾವ ಜಪಕ್ಕೆ ಕೂತರು, ನಾನು ಅತ್ತ ನಡೆದೆ.

ನಿರ್ಗಮನದ ಬಾಗಿಲಲ್ಲಿ ಒಂದೇ ಬಣ್ಣದ ಟೋಪಿ ಹಾಕಿದ ಹುಡುಗರ ಗುಂಪು, ಕುತ್ತಿಗೆಯಲ್ಲಿ ಚೆಂಡು ಹೂವಿನ ಮಾಲೆ, ಹಣೆಯ ತುಂಬ ಕೆಂಪು ಅಕ್ಷತೆ. ಕತಾರ್, ದುಬೈ, ಮಲೇಷ್ಯಾ. 2022-23ರ ಒಂದೇ ಆರ್ಥಿಕ ವರ್ಷದಲ್ಲಿ ನೇಪಾಳ ಏಳು ಲಕ್ಷಕ್ಕೂ ಹೆಚ್ಚು ಕಾರ್ಮಿಕ ಪರವಾನಗಿ ಕೊಟ್ಟಿದೆ. ಅವರು ಕಳಿಸುವ ಹಣ ದೇಶದ ಜಿಡಿಪಿಯ ಕಾಲುಭಾಗದಷ್ಟು. ಒಬ್ಬ ತಾಯಿ ಮಗನ ಜಾಕೆಟ್ಟಿನ ಜಿಪ್ಪನ್ನು ಮೇಲಕ್ಕೆಳೆದಳು, ಅವನು ಕೆಳಗಿಳಿಸಿದ, ಅವಳು ಮತ್ತೆ ಎಳೆದಳು. ಅವನು ಹೋಗುತ್ತಿದ್ದದ್ದು ಮರುಭೂಮಿಗೆ. ಮೂರು ದಿನದಿಂದ ಬಿಡಿಬಿಡಿಯಾಗಿ ಕಂಡದ್ದು ಆ ಜಿಪ್ಪಿನ ಬಳಿ ನನಗೆ ಒಂದು ಲೆಕ್ಕವಾಗಿ ಕೂಡಿಕೊಂಡಿತು. ಈ ಹುಡುಗ ಕಳಿಸುವ ರಿಯಾಲ್ ಕಣಿವೆಯಲ್ಲಿ ನಾಲ್ಕು ಆನಾ ನೆಲವಾಗುತ್ತದೆ, ನೆಲದ ಮೇಲೆ ರೋಲ್ಪಾದವರು ಬಡಿದ ಇಟ್ಟಿಗೆಯ ಮನೆ, ಮನೆಯೊಳಗೆ ಬೀರ್‌ಗಂಜಿನಿಂದ ಬಂದ ಟೈಲ್ಸ್, ಟಿ.ವಿ., ಅಕ್ಕಿ. ಆಗ ದೇಶದ ಆಮದು ರಫ್ತಿನ ಸುಮಾರು ಹತ್ತು ಪಟ್ಟು ಇತ್ತು. ಗಡಿಯಲ್ಲಿ ವಸೂಲಾಗುವ ಸುಂಕ ಸರ್ಕಾರದ ಬೊಕ್ಕಸದ ಆಧಾರ. ಹಿಂದೆ ಉಪ್ಪು, ಬೆಳ್ಳಿ ಹೋಗಿ ಬಂದ ಕಡೆ ಈಗ ಜನ ಹೋಗುತ್ತಾರೆ. ಶವಪೆಟ್ಟಿಗೆಗಳೂ ಇದೇ ನಿಲ್ದಾಣದಲ್ಲಿ ಇಳಿಯುತ್ತವೆ.

ಹಿಂದಿರುಗುವಾಗ ಸಿಂಹದರ್ಬಾರಿನ ಬಿಳಿಯ ಮುಂಗೋಡೆಯನ್ನು ಟ್ಯಾಕ್ಸಿಯಿಂದಲೇ ನೋಡಿದೆವು. ರಾಣಾ ಕಾಲದ ಅರಮನೆ, ಆಗ ಸರ್ಕಾರದ ಸಚಿವಾಲಯ. 2025ರ ಸೆಪ್ಟೆಂಬರಿನ ಯುವಜನರ ಪ್ರತಿಭಟನೆಯಲ್ಲಿ ಅದು ಉರಿಯುವ ಚಿತ್ರಗಳನ್ನು ಟಿ.ವಿ.ಯಲ್ಲಿ ಕಂಡಾಗ ನನಗೆ ನೆನಪಾದದ್ದು ಆ ಒಂದೇ ಬಣ್ಣದ ಟೋಪಿಗಳು.

ಐದನೆಯ ದಿನ: ಅಂಚು ದಾಟಿ

ಇಳಿಯುವಾಗ ದೊಡ್ಡ ರಸ್ತೆಯಲ್ಲೇ ಹೋಗೋಣವೆಂದು ಬೀರ್‌ಗಂಜಿನ ಬಸ್ ಹತ್ತಿದೆವು. ಥಾನ್‌ಕೋಟ್ ಬರುತ್ತಲೇ ನಿಂತಿತು. ನಾಗಢುಂಗಾ ಕಣಿವೆಯ ಪಶ್ಚಿಮದ ಬಾಗಿಲು. ರಾಜಧಾನಿಗೆ ಬರುವ ಹೋಗುವ ಲಾರಿ, ಬಸ್ಸುಗಳಲ್ಲಿ ಬಹುಪಾಲು ಈ ಒಂದು ಏರಿನಲ್ಲಿ ಸಾಲಾಗಿ ತೆವಳಬೇಕು. ಜಪಾನಿನ ನೆರವಿನಲ್ಲಿ ಬೆಟ್ಟದ ಕೆಳಗೆ ಸುಮಾರು 2.7 ಕಿ.ಮೀ. ಸುರಂಗ ಕೊರೆಯುತ್ತಿದ್ದರು. ನಿಂತಲ್ಲಿಂದ ಅದರ ಮಣ್ಣಿನ ರಾಶಿ ಕಾಣುತ್ತಿತ್ತು. ಒಂದೂವರೆ ಗಂಟೆ ಎಂಜಿನ್ ಆರಿಸಿ ಕುಳಿತೆವು. ಬಸ್ಸಿನೊಳಗೆ ಕಿತ್ತಳೆ ಸಿಪ್ಪೆಯ ವಾಸನೆ ತುಂಬಿತು.

ಪಕ್ಕದ ಸೀಟಿನಲ್ಲಿ ಧಾಧಿಂಗಿನ ರೈತ, ಕಾಲ ಬಳಿ ಖಾಲಿ ಪ್ಲಾಸ್ಟಿಕ್ ಕ್ರೇಟುಗಳು. ರಾತ್ರಿ ಹೂಕೋಸು ತಂದು ಕಾಲಿಮಾಟಿಗೆ ಹಾಕಿ ಮರಳುತ್ತಿದ್ದವರು. ಸುರಂಗ ಆದರೆ ಅನುಕೂಲವೇ ಎಂದು ಕೇಳಿದೆ. "ನನ್ನ ಕೋಸು ಬೇಗ ಹೋಗುತ್ತದೆ. ಕೆಳಗಿನ ಕೋಸೂ ಬೇಗ ಬರುತ್ತದೆ" ಎಂದರು. ಕೆಳಗಿನದು ಎಂದರೆ ನಮ್ಮದು. ಭಾವ ಮೊಸರಿನ ಬೋಗುಣಿ ಬಿಚ್ಚಿ ಮೂವರಿಗೂ ಹಂಚಿದರು; ಎರಡು ದಿನದ ಹುಳಿ ಸೇರಿ ರಾಜನ ರುಚಿ ಸ್ವಲ್ಪ ಇಳಿದಿತ್ತು.

ನನ್ನ ಕಸುಬು ಕೇಳಿ ತಿಳಿದ ಮೇಲೆ ಅವರು ಕ್ರೇಟನ್ನು ಸರಿಸಿ ಹತ್ತಿರ ಜರುಗಿದರು. "ನಿಮ್ಮಲ್ಲಿ ಈರುಳ್ಳಿ ಈಗ ಏನು ರೇಟು?" ಮಂಡಿಯಿಂದ ಬೆಳಗ್ಗೆ ಬಂದಿದ್ದ ಸಂದೇಶ ನೋಡಿ ಆ ದಿನದ ಧಾರಣೆ ಹೇಳಿದೆ. "ಐಸಿಯೋ, ಎನ್‌ಸಿಯೋ?" ಐಸಿ ಎಂದೆ. ಅವರು ಮೊಬೈಲು ತೆಗೆದು 1.6ರಿಂದ ಗುಣಿಸಿದರು. ತಪ್ಪಿರಬಹುದೆಂದು ಇನ್ನೊಮ್ಮೆ ಗುಣಿಸಿದರು. ಆಮೇಲೆ ಹಿಂದಕ್ಕೆ ತಿರುಗಿ, ಪರದೆಯನ್ನು ಹಿಂದಿನ ಸೀಟಿನವರಿಗೆ ತೋರಿಸಿದರು. ಅವರು ಅವರ ಹಿಂದಿನವರಿಗೆ ದಾಟಿಸಿದರು. ಮೊಬೈಲು ಬಸ್ಸಿನ ಕೊನೆಯ ಸೀಟಿನವರೆಗೆ ಹೋಗಿ ಮರಳಿ ಬರುವುದಕ್ಕೂ ಮುಂದಿನ ಲಾರಿ ಹೊಗೆ ಉಗುಳಿ ಅಲುಗುವುದಕ್ಕೂ ಸರಿಹೋಯಿತು.